ಬಣ್ಣ ನೋಡಿ ಸುಡುವ ಬೆಳಕು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ನಸುಕಿಗೆದ್ದು ರಸ್ತೆಗುಂಟ ಓಡುವ ಹುಡುಗರು ಊರೂರಿಗೂ ಸಿಗುತ್ತಾರೆ. ಸೇನೆ, ಬಿಎಸ್‌ಎಫ್, ಸಿಆರ್‌ಪಿಎಫ್, ಪೊಲೀಸ್ ಹೀಗೆ ಯಾವುದಾದರೊಂದು ಭರ್ತಿಯ ತಯಾರಿ ಅದು. ಓಟ ಗೆದ್ದು, ಎತ್ತರ, ಎದೆಯಳತೆ ದಾಟಿ ವೈದ್ಯಕೀಯ ತಪಾಸಣೆಯ ಸಾಲಿಗೆ ಬಂದಾಗ ಕೆಲವರಿಗೆ ತಮ್ಮ ಕೈಯೇ ಅಡ್ಡಬರುತ್ತದೆ. ಯಾವುದೋ ಜಾತ್ರೆಯಲ್ಲಿ ಗೆಳೆಯರ ಜೊತೆ ಕೂತು ಹಾಕಿಸಿಕೊಂಡ ಹಚ್ಚೆ, ಅವ್ವನ ಹೆಸರೋ ದೇವರ ಗುರುತೋ, ಬಲಗೈ ಮೇಲೆ ಎದ್ದು ಕಾಣುತ್ತಿರುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳ ಭರ್ತಿ ನಿಯಮ ಮುಂಗೈಯ ಒಳಭಾಗದ ಹಚ್ಚೆಯನ್ನು ಒಪ್ಪುವುದು ಎಡಗೈಗೆ ಮಾತ್ರ. ಅದೂ ಆ ಭಾಗದ ಕಾಲಂಶಕ್ಕಿಂತ ಚಿಕ್ಕದಿರಬೇಕು. ಬಲಗೈ ಸೆಲ್ಯೂಟ್ ಹೊಡೆಯುವ ಕೈ.

2022ರಲ್ಲಿ ಇಂಥದ್ದೇ ಪ್ರಕರಣ ದೆಹಲಿ ಹೈಕೋರ್ಟಿನವರೆಗೆ ಹೋಯಿತು. ಬಲಗೈ ಮೇಲಿನ ಧಾರ್ಮಿಕ ಹಚ್ಚೆಯ ಕಾರಣಕ್ಕೆ ಅನರ್ಹನಾದ ಅಭ್ಯರ್ಥಿಯೊಬ್ಬ ಅದನ್ನು ತೆಗೆಸಿಕೊಳ್ಳುವುದಾಗಿ ಹೇಳಿದ. ತೆಗೆಸಿಕೊಂಡು ಮತ್ತೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ನ್ಯಾಯಾಲಯ ಅವಕಾಶ ಕೊಟ್ಟಿತು. ಅಂದಿನಿಂದ ಇಂದಿನವರೆಗೂ ಭರ್ತಿ ತಯಾರಿಯ ಹುಡುಗರ ಬಾಯಲ್ಲಿ ಇರುವ ಮಾತು ಒಂದೇ: ಲೇಸರ್ ಹೊಡಿಸಿದರಾಯ್ತು.

ಹೊಡಿಸಿದರಾಯ್ತು ಎನ್ನುವಷ್ಟು ಸುಲಭದ ಕೆಲಸ ಇದಲ್ಲ. ಹಚ್ಚೆ ತೆಗೆಯಲು ಬಳಸುವುದು ಕ್ಯೂ-ಸ್ವಿಚ್ಡ್ ಎನ್ನುವ ಬಗೆಯ ಲೇಸರ್. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಕೆಲವೇ ಭಾಗದಷ್ಟು ಹೊತ್ತು ಮಾತ್ರ ಹೊರಬರುವ ಬೆಳಕಿನ ಪೆಟ್ಟು ಅದು. ಪೆಟ್ಟು ಬಿದ್ದ ಕೂಡಲೇ ಹಚ್ಚೆಯ ಕಪ್ಪು ಗೆರೆ ಬೆಳ್ಳಗೆ, ಹಪ್ಪಳ ಉಬ್ಬಿದ ಹಾಗೆ ನೊರೆಗಟ್ಟುತ್ತದೆ. ಚರ್ಮದೊಳಗೆ ಹುಟ್ಟಿದ ಆವಿಯ ಗುಳ್ಳೆಗಳು ಅವು. ಕಾಲರ್ಧ ಗಂಟೆಯೊಳಗೆ ಆ ಬಿಳುಪು ಇಳಿದು ಗೆರೆ ಮತ್ತೆ ಕಪ್ಪಾಗಿ ಕಾಣುತ್ತದೆ. ನೋಡಿದವರಿಗೆ ಏನೂ ಆಗಲಿಲ್ಲವಲ್ಲ ಅನಿಸುತ್ತದೆ. ಒಳಗೆ ಮಾತ್ರ ಮಸಿಯ ಕಣ ಒಡೆದು ಪುಡಿಯಾಗಿರುತ್ತದೆ. ಆ ಪುಡಿಯನ್ನು ಹೊತ್ತೊಯ್ಯುವ ಕೆಲಸ ಲೇಸರಿನದಲ್ಲ, ಮೈಯೊಳಗಿನ ಬಿಳಿ ರಕ್ತಕಣಗಳದ್ದು. ಅವಕ್ಕೆ ವಾರಗಟ್ಟಲೆ ಬೇಕು. ಅದಕ್ಕೇ ಒಂದು ಸಿಟಿಂಗ್‌ಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ವಾರ ಬಿಡುತ್ತಾರೆ. ಮಷಿನ್ ಹಚ್ಚೆಯಾದರೆ ಎಂಟು ಹತ್ತು ಸಿಟಿಂಗ್ ಹಿಡಿಯುವುದು ಸಾಮಾನ್ಯ, ಅಂದರೆ ವರ್ಷದ ಲೆಕ್ಕ. ಹದಿನೈದು ದಿನದಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಬೇಕಾದ ಹುಡುಗ ಅವಸರ ಮಾಡಿದರೆ, ಆ ಅವಸರಕ್ಕೆ ಒಪ್ಪಿದವರು ಬೆಳಕಿನ ಬಿಸಿ ಏರಿಸಿದರೆ, ಹಚ್ಚೆ ಹೋಗಿ ಅದರ ಜಾಗದಲ್ಲಿ ಅದೇ ಅಕ್ಷರದ ಆಕಾರದ ಉಬ್ಬುಗಾಯ ಉಳಿಯಬಹುದು. ಅಥವಾ ಅದೇ ಅಕ್ಷರದ ಬಿಳಿ ಕಲೆ.

ಈ ಸೀಮೆಯ ಹಿರಿಯ ಹೆಣ್ಣುಮಕ್ಕಳ ಹಣೆ, ಗದ್ದ, ಮುಂಗೈ ಮೇಲೆ ಇರುವ ಹಣಚಿಬಟ್ಟು ಬೇರೆ ಜಾತಿಯದು. ದೀಪದ ಮಸಿಯನ್ನು ಕಲಸಿ ಸೂಜಿಯಿಂದ ಚುಚ್ಚಿದ ಹಚ್ಚೆ ಅದು. ಅದರಲ್ಲಿರುವುದು ಬಹುಪಾಲು ಇಂಗಾಲ, ಪ್ರಮಾಣವೂ ಕಡಿಮೆ. ಈಗಿನ ಮಷಿನ್ ಹಚ್ಚೆಯಲ್ಲಿ ಹಸಿರು, ಹಳದಿ, ಕೆಂಪು, ಬಿಳಿ ಬಣ್ಣಗಳಿರುತ್ತವೆ. ಕಪ್ಪಿಗೆ ಒಂದು ತರಂಗಾಂತರದ ಬೆಳಕು ಬೇಕು, ಕೆಂಪಿಗೆ ಇನ್ನೊಂದು. ಹಸಿರು, ಹಳದಿ ಹಟಮಾರಿ ಬಣ್ಣಗಳು. ಬಿಳಿ ಮತ್ತು ಚರ್ಮದ ಬಣ್ಣದ ಮಸಿಯಲ್ಲಿ ಟೈಟಾನಿಯಂ, ಕಬ್ಬಿಣದ ಆಕ್ಸೈಡ್ ಇದ್ದರೆ ಲೇಸರ್ ಬಿದ್ದ ಕೂಡಲೇ ಅದು ಕಪ್ಪಾಗಿಬಿಡುವುದೂ ಉಂಟು. ಅಜ್ಜಿಯ ಹಣೆಯ ಬಟ್ಟು ಮೊಮ್ಮಗನ ತೋಳಿನ ಬಣ್ಣದ ಹುಲಿಗಿಂತ ಬೇಗ ಮಾಸುತ್ತದೆ.

ಹೀಗೆ ಬೆಳಕು ಬಣ್ಣವನ್ನು ಹುಡುಕಿಕೊಂಡು ಹೋಗಿ ಸುಡುತ್ತದೆ ಎನ್ನುವ ಒಂದೇ ಸಂಗತಿಯಲ್ಲಿ ಲೇಸರ್ ಚಿಕಿತ್ಸೆಯ ಗುಣವೂ ಇದೆ, ಅಪಾಯವೂ ಇದೆ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿಯ ಎರೆ ಹೊಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಬಿಸಿಲು ಬಿಳಿ ಧೋತರದ ಮೇಲೂ ಬೀಳುತ್ತದೆ, ಕರಿ ಮಣ್ಣಿನ ಮೇಲೂ ಬೀಳುತ್ತದೆ. ಕಾಯುವುದು ಮಣ್ಣು. ಕೂದಲ ಬುಡದ ಕಪ್ಪು, ಮಚ್ಚೆಯ ಕಪ್ಪು, ಹಚ್ಚೆಯ ಕಪ್ಪು ಬೆಳಕನ್ನು ಹೀರಿ ಕಾಯುತ್ತವೆ. ಸುತ್ತಲಿನ ಚರ್ಮ ಬೆಳ್ಳಗಿದ್ದರೆ ಅದಕ್ಕೆ ಬಿಸಿ ತಾಗುವುದು ಕಡಿಮೆ. ಚರ್ಮವೇ ಕಂದು, ಕಪ್ಪು ಇದ್ದರೆ? ಬೆಳಕು ಗುರಿ ಮುಟ್ಟುವ ಮೊದಲೇ ಮೇಲಿನ ಪದರದಲ್ಲಿ ಒಂದಷ್ಟು ಸೋರಿಹೋಗಿ ಅಲ್ಲೇ ಬಿಸಿ ಹುಟ್ಟಿಸುತ್ತದೆ. ಸುಟ್ಟ ಗಾಯಗಳ ಮೂಲ ಹೆಚ್ಚಾಗಿ ಇದೇ.

ಈ ತತ್ತ್ವವನ್ನು ಅಮೆರಿಕದ ಹಾರ್ವರ್ಡ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಯಾವ ಬಣ್ಣಕ್ಕೆ ಯಾವ ಬೆಳಕು, ಎಷ್ಟು ಹೊತ್ತು ಎಂದು ಆರಿಸಿದರೆ ಸುತ್ತಲಿನದನ್ನು ಬಿಟ್ಟು ಬೇಕಾದದ್ದನ್ನಷ್ಟೇ ಸುಡಬಹುದು ಎಂಬುದು ಅವರ ಸಿದ್ಧಾಂತ. ಅದಕ್ಕೂ 23 ವರ್ಷ ಮೊದಲು, 1960ರ ಮೇ 16ರಂದು, ಥಿಯೊಡರ್ ಮೈಮನ್ ಮಾಣಿಕ್ಯದ ಸಲಾಕೆಯಿಂದ ಮೊದಲ ಲೇಸರ್ ಬೆಳಗಿಸಿದ್ದರು. ಸಿನ್ಸಿನಾಟಿಯ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಬೆನ್ನಿಗೇ ಅದನ್ನು ಚರ್ಮದ ಮೇಲೆ, ಹಚ್ಚೆಯ ಮೇಲೆ ಬಿಟ್ಟು ಪರೀಕ್ಷಿಸಿದರು.

ಈ ಕತೆಯಲ್ಲಿ ಭೀಮಾ ಸೀಮೆಯ ಒಬ್ಬರೂ ಇದ್ದಾರೆ. ನರುಳ್ಳಿ, ಉಬ್ಬಿದ ಮಚ್ಚೆ, ಮೊಡವೆ ಗುಳಿಗಳಿಗೆ ಇವತ್ತು ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಹುಟ್ಟೂರು ಮಹಾರಾಷ್ಟ್ರದ ಬಾರಾಮತಿ. ಆ ಊರ ಪಕ್ಕದ ಕರ್ಹಾ ಹೊಳೆ ನೀರಾ ನದಿ ಸೇರಿ, ನೀರಾ ಭೀಮೆ ಸೇರಿ, ಅದೇ ನೀರು ಅಫಜಲಪುರದ ಗಾಣಗಾಪುರ ದಾಟಿ ಜೇವರ್ಗಿಗೆ ಇಳಿಯುತ್ತದೆ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಪಟೇಲರ ಲೇಸರಿಗೆ ಬಣ್ಣದ ಹಂಗಿಲ್ಲ. ಅದನ್ನು ಹೀರುವುದು ನೀರು. ಚರ್ಮದ ಜೀವಕೋಶದಲ್ಲಿ ಬಹುಪಾಲು ನೀರೇ ಇರುವುದರಿಂದ ಅದು ತಾಗಿದಲ್ಲೆಲ್ಲ ಪದರ ಪದರವಾಗಿ ಆವಿಯಾಗಿಸುತ್ತದೆ. ಹಾಗೆಂದು ಕಂದು ಚರ್ಮಕ್ಕೆ ಅಪಾಯವಿಲ್ಲವೆಂದಲ್ಲ. ಗಾಯ ಮಾಯುವಾಗ ನಮ್ಮ ಚರ್ಮ ಕಪ್ಪು ಕಲೆ ಬಿಟ್ಟುಕೊಳ್ಳುವುದು ಹೆಚ್ಚು.

ಸಮಸ್ಯೆಯ ಇನ್ನೊಂದು ಬೇರು ಚರಿತ್ರೆಯಲ್ಲಿದೆ. ಲೇಸರ್ ಯಂತ್ರಗಳು ಮೊದಲು ರೂಪುಗೊಂಡದ್ದು ಬಿಳಿಯರ ಚರ್ಮಕ್ಕೆ. ಚರ್ಮದ ಬಣ್ಣ ಅಳೆಯಲು ಇವತ್ತು ಜಗತ್ತೆಲ್ಲ ಬಳಸುವ ಕೋಷ್ಟಕವನ್ನು ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದಾಗ ಅದರಲ್ಲಿದ್ದದ್ದು ಬಿಳಿ ಚರ್ಮದ ಬಗೆಗಳಷ್ಟೇ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯ ಸ್ಥಾನ ಸಿಕ್ಕಿದ್ದು ಆಮೇಲೆ. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ಬಗೆಗೆ ಸೇರುತ್ತಾರೆ. 1990ರ ದಶಕದಲ್ಲಿ ಕೂದಲು ತೆಗೆಯುವ ಮೊದಲ ಲೇಸರ್‌ಗಳು ಬಂದಾಗ ಮಾಣಿಕ್ಯದ 694 ನ್ಯಾನೊಮೀಟರ್ ಬೆಳಕು ಕಂದು ಚರ್ಮವನ್ನು ಸುಡುತ್ತಿತ್ತು. ತರಂಗಾಂತರ ಉದ್ದವಾದಷ್ಟೂ ಮೇಲ್ಪದರದ ಕಪ್ಪು ಅದನ್ನು ಕಡಿಮೆ ಹೀರುತ್ತದೆ. ಹಾಗಾಗಿ 800ರ ಆಸುಪಾಸಿನ ಡಯೋಡ್, ಅದಕ್ಕೂ ಮಿಗಿಲಾಗಿ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ನಮ್ಮಂಥವರಿಗೆ ಹೆಚ್ಚು ಸುರಕ್ಷಿತ. ಲೇಸರ್ ಎಂದು ಬೋರ್ಡ್ ಹಾಕಿದ ಎಲ್ಲ ಕಡೆ ಇರುವುದು ಲೇಸರೂ ಅಲ್ಲ. ಐಪಿಎಲ್ ಎಂಬುದು ಹಲವು ಬಣ್ಣದ ಬೆಳಕು ಒಟ್ಟಿಗೆ ಚೆಲ್ಲುವ ಬಲವಾದ ಫ್ಲ್ಯಾಷ್ ದೀಪ. ಕಂದು ಚರ್ಮದ ಮೇಲೆ ಅದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆನ್‌ಲೈನಿನಲ್ಲಿ ಮಾರುವ ಮನೆ ಬಳಕೆಯ ಐಪಿಎಲ್ ಸಾಧನಗಳ ಡಬ್ಬಿಯ ಮೇಲೆ ಚರ್ಮದ ಬಣ್ಣದ ಪಟ್ಟಿ ಅಚ್ಚು ಮಾಡಿರುವುದು ಇದೇ ಕಾರಣಕ್ಕೆ. ಆ ಪಟ್ಟಿಯ ಕೊನೆಯ ಕಪ್ಪು ಚೌಕಕ್ಕೆ ಸಾಮಾನ್ಯವಾಗಿ ಅಡ್ಡಗೆರೆ ಎಳೆದಿರುತ್ತದೆ.

ಲೇಸರಿಗೆ ಬರುವವರಲ್ಲಿ ಹಚ್ಚೆಯ ಹುಡುಗರಿಗಿಂತ ಗದ್ದದ ಕೂದಲಿನ ಹುಡುಗಿಯರು ಎಷ್ಟೋ ಹೆಚ್ಚು. ಲಗ್ನ ಗೊತ್ತಾಗಿರುತ್ತದೆ. ಗದ್ದ, ಮೇಲ್ದುಟಿ, ಕೆನ್ನೆಯ ಅಂಚಿನಲ್ಲಿ ದಪ್ಪ ಕೂದಲು. ವರ್ಷಗಟ್ಟಲೆ ದಾರ ಎಳೆಸಿ, ಬ್ಲೀಚ್ ಹಚ್ಚಿ, ಗುಟ್ಟಾಗಿ ಬ್ಲೇಡ್ ಆಡಿಸಿ ಸೋತಿರುತ್ತಾರೆ. ಜೊತೆಗೆ ಬಂದ ಅವ್ವ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಡಾಕ್ಟ್ರೆ, ಲಗ್ನಕ್ಕ ಇನ್ನ ಹದಿನೈದ್ ದಿನ ಅದ. ಅದ್ರೊಳಗ ಆಗ್ತದೇನ್ರಿ?"

ಆಗುವುದಿಲ್ಲ. ಕೂದಲು ಬೆಳೆಯುವುದರಲ್ಲಿ ಸರದಿಯಿದೆ. ಯಾವುದೇ ದಿನ ನೋಡಿದರೂ ಕೆಲವು ಬೆಳೆಯುತ್ತಿರುತ್ತವೆ, ಕೆಲವು ಮಲಗಿರುತ್ತವೆ. ಬೆಳೆಯುವ ಕೂದಲಿನ ಬುಡದಲ್ಲಿ ಮಾತ್ರ ಬೆಳಕನ್ನು ಹಿಡಿಯುವಷ್ಟು ಕಪ್ಪು ಇರುತ್ತದೆ. ಮಲಗಿದ್ದವು ಏಳುವವರೆಗೆ ಕಾಯಬೇಕು. ಹಾಗಾಗಿ ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರರಿಂದ ಎಂಟು ಸಿಟಿಂಗ್. ದಾರ ಎಳೆಸಿದರೆ ಬುಡವೇ ಇಲ್ಲದಂತಾಗಿ ಲೇಸರಿಗೆ ಗುರಿ ತಪ್ಪುತ್ತದೆ. ಸಿಟಿಂಗ್‌ಗಳ ನಡುವೆ ರೇಜರ್ ಮಾತ್ರ ಆಡಿಸಬೇಕು ಎಂದು ವೈದ್ಯರು ಹೇಳಿದಾಗ ಎಷ್ಟೋ ಅವ್ವಂದಿರು ಬೆಚ್ಚುತ್ತಾರೆ. ರೇಜರಿನಿಂದ ಕೂದಲು ದಪ್ಪವಾಗುತ್ತದೆ ಎನ್ನುವುದು ಬರೀ ನಂಬಿಕೆ. ಬಿಳಿ ಕೂದಲಿನ ಮೇಲೆ ಲೇಸರ್ ಕೆಲಸವೇ ಮಾಡುವುದಿಲ್ಲ, ಹಿಡಿಯಲು ಕಪ್ಪೇ ಇಲ್ಲವಲ್ಲ. ಇಷ್ಟೆಲ್ಲ ಆದ ಮೇಲೂ ವೈದ್ಯಶಾಸ್ತ್ರ ಇದನ್ನು ಕೂದಲು ಕಡಿಮೆ ಮಾಡುವ ಚಿಕಿತ್ಸೆ ಎನ್ನುತ್ತದೆಯೇ ಹೊರತು ಬೇರುಸಹಿತ ಕೀಳುವ ಮಾತಾಡುವುದಿಲ್ಲ. ಪಿಸಿಓಎಸ್‌ನಂಥ ಹಾರ್ಮೋನಿನ ಏರುಪೇರು ಇದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಮುಟ್ಟು ಸರಿಯಾಗಿ ಬರುತ್ತದೆಯೇ ಎಂದು ಒಂದು ಮಾತೂ ಕೇಳದೆ ಎಂಟು ಸಿಟಿಂಗ್‌ನ ಪ್ಯಾಕೇಜ್ ಹಣ ಕಟ್ಟಿಸಿಕೊಳ್ಳುವ ಜಾಗದಿಂದ ಎದ್ದು ಬರುವುದೇ ಲೇಸು.

ಚಿಕಿತ್ಸೆ ಹೇಗಿರುತ್ತದೆ? ತಣ್ಣನೆಯ ಜೆಲ್ ಹಚ್ಚುತ್ತಾರೆ. ಹಿಡಿಕೆಯ ತುದಿಯ ಹರಳು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಪ್ರತಿ ಪೆಟ್ಟಿಗೂ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರ್ ಎನ್ನುತ್ತದೆ, ಸುಟ್ಟ ಕೂದಲಿನ ವಾಸನೆ ಬರುತ್ತದೆ. ಮುಗಿದ ಮೇಲೆ ಪ್ರತಿ ಕೂದಲಿನ ಬುಡದಲ್ಲೂ ಗುಲಗಂಜಿಗಿಂತ ಎಷ್ಟೋ ಚಿಕ್ಕ ಕೆಂಪು ಉಬ್ಬು. ಇದು ಸಹಜ, ಒಂದೆರಡು ದಿನದೊಳಗೆ ಇಳಿಯುತ್ತದೆ. ಹಿಡಿಕೆಯ ತುದಿಯ ಆಕಾರದಲ್ಲೇ ಬೂದು ಅಥವಾ ಬಿಳಿ ಚೌಕ ಮೂಡಿದರೆ, ನೀರ್ಗುಳ್ಳೆ ಎದ್ದರೆ, ಉರಿ ಗಂಟೆಗಟ್ಟಲೆ ಇಳಿಯದಿದ್ದರೆ ಅದು ಸುಟ್ಟ ಗಾಯ. ತಣ್ಣಗಿಡುವ ವ್ಯವಸ್ಥೆ ಕೈಕೊಟ್ಟಾಗ, ಒಂದೇ ಜಾಗಕ್ಕೆ ಎರಡು ಮೂರು ಪೆಟ್ಟು ಬಿದ್ದಾಗ, ಬಿಳಿ ಚರ್ಮಕ್ಕೆ ಇಟ್ಟ ಅಳತೆಯನ್ನೇ ಕಂದು ಚರ್ಮಕ್ಕೂ ಇಟ್ಟಾಗ ಹೀಗಾಗುತ್ತದೆ. ನೋವಾದರೆ ತಡೆದುಕೊಳ್ಳಿ ಎಂದು ಹೇಳುವವರಿದ್ದಾರೆ. ತಡೆದುಕೊಳ್ಳಬಾರದು. ತಾಳಲಾರದ ಉರಿ ಎಂದರೆ ಚರ್ಮ ಸುಡುತ್ತಿದೆ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಲು ಹೇಳುವ ಹಕ್ಕು ಮಲಗಿದವರಿಗಿದೆ.

ಕಂದು ಚರ್ಮದಲ್ಲಿ ಹೆಚ್ಚು ಕಾಣುವ ಅಡ್ಡಪರಿಣಾಮ ಕಪ್ಪು ಕಲೆ. ಉರಿಯೂತ ಇಳಿದ ಮೇಲೆ ಚರ್ಮ ಮುನಿಸಿಕೊಂಡ ಹಾಗೆ ಹೆಚ್ಚು ಬಣ್ಣ ತಯಾರಿಸುತ್ತದೆ. ತಿಂಗಳುಗಳಲ್ಲಿ ಅದು ತಿಳಿಯಾಗುತ್ತದೆ, ಬಿಸಿಲಿಗೆ ಬಿದ್ದರೆ ಮತ್ತೆ ಗಾಢವಾಗುತ್ತದೆ. ಬಿಳಿ ಕಲೆ ಇದಕ್ಕಿಂತ ಅಪರೂಪ, ಆದರೆ ಹೆಚ್ಚು ಸಂಕಟ ಕೊಡುತ್ತದೆ. ಬಣ್ಣ ತಯಾರಿಸುವ ಕೋಶಗಳೇ ಬೆಂದುಹೋದಾಗ ಬರುವ ಈ ಕಲೆ ವರ್ಷವಾದರೂ ತುಂಬದೆ ಉಳಿಯಬಹುದು. ಹಳ್ಳಿಯಲ್ಲಿ ಹೆಣ್ಣುಮಗಳ ಕೆನ್ನೆಯ ಬಿಳಿ ಕಲೆಯನ್ನು ಜನ ತೊನ್ನು ಎಂದೇ ಓದುತ್ತಾರೆ. ತೊನ್ನು ಇದ್ದರೂ ತಪ್ಪೇನಿಲ್ಲ, ಅದು ಅಂಟುವ ರೋಗವಲ್ಲ. ಆದರೂ ಲಗ್ನದ ಮಾತುಕತೆಯಲ್ಲಿ ಆ ಕಲೆಯ ಬೆಲೆ ಎಷ್ಟೆಂದು ಈ ಸೀಮೆಯ ತಾಯಂದಿರಿಗೆ ಗೊತ್ತು. ಚಂದ ಕಾಣಲೆಂದು ಮಾಡಿಸಿದ ಚಿಕಿತ್ಸೆಯೇ ಹುಡುಗಿಯನ್ನು ಮನೆಯೊಳಗೆ ಕೂಡಿಸುವ ಸ್ಥಿತಿ ಬರಬಾರದು. ಮೊದಲೇ ತೊನ್ನು ಇದ್ದವರಿಗೆ, ಮನೆತನದಲ್ಲಿ ಉಬ್ಬುಗಾಯದ ಗುಣ ಇದ್ದವರಿಗೆ ಲೇಸರಿನ ಪೆಟ್ಟೇ ಹೊಸ ಕಲೆ, ಹೊಸ ಉಬ್ಬು ಎಬ್ಬಿಸಬಹುದು. ಬಾಯಿ ಸುತ್ತ ಹರ್ಪಿಸ್ ಗುಳ್ಳೆ ಏಳುತ್ತಿದ್ದವರಲ್ಲಿ ಅದು ಮರುಕಳಿಸಬಹುದು. ಇನ್ನೊಂದು ವಿಚಿತ್ರವೂ ಇದೆ. ಕೆಲವು ಹೆಣ್ಣುಮಕ್ಕಳಲ್ಲಿ ಲೇಸರ್ ಬಿದ್ದ ಜಾಗದ ಸುತ್ತ ಕೂದಲು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಸಾಕಾಗದಷ್ಟು ಬಿಸಿ ಮಲಗಿದ್ದ ಕೂದಲನ್ನು ಎಬ್ಬಿಸುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಕಂದು ಚರ್ಮದ, ಹಾರ್ಮೋನಿನ ತೊಂದರೆಯಿರುವ ಹೆಣ್ಣುಮಕ್ಕಳ ಮುಖ, ಕುತ್ತಿಗೆಯ ಮೇಲೆ ಇದು ಹೆಚ್ಚು.

ಈ ಸೀಮೆಗೆ ಬಿಸಿಲಿನ ಮಾತು ಬೇರೆಯೇ ಹೇಳಬೇಕು. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಲಗ್ನಗಳೂ ಅದೇ ತಿಂಗಳಲ್ಲಿ. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಬೆಳಕು ಹೀರುವ ಬಣ್ಣ ಹೆಚ್ಚಿರುತ್ತದೆ, ಕಳೆದ ತಿಂಗಳು ಒಗ್ಗಿದ ಅಳತೆ ಈ ತಿಂಗಳು ಸುಡಬಹುದು. ಚಿಕಿತ್ಸೆಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಸಿಲು ತಪ್ಪಿಸಿ ಎಂದು ವೈದ್ಯರು ಬರೆದುಕೊಡುತ್ತಾರೆ. ನಗರದ ಆಫೀಸಿನಲ್ಲಿ ಕೂತವರಿಗೆ ಅದು ಸಾಧ್ಯ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲಿಗೆ ದಿನವಿಡೀ ಹೊಲದಲ್ಲಿ ಬಾಗಿ ನಿಲ್ಲುವ ಆಳಂದದ ಹೆಣ್ಣುಮಗಳಿಗೆ ಹೇಗೆ ಸಾಧ್ಯ? ಸನ್‌ಸ್ಕ್ರೀನ್ ಹಚ್ಚಿ ಎಂದಷ್ಟೇ ಹೇಳಿದರೆ ಸಾಲದು. ಬೆವರಿಗೆ ಅದು ಎರಡು ಗಂಟೆ ನಿಲ್ಲುವುದಿಲ್ಲ. ಮುಖ ಮುಚ್ಚುವ ಹಾಗೆ ಸೆರಗು ಕಟ್ಟಿಕೊಳ್ಳುವ, ಟವೆಲ್ ಸುತ್ತಿಕೊಳ್ಳುವ ಹಳೆಯ ರೂಢಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಲದ ಕೆಲಸ ತಪ್ಪಿಸಲಾಗದವರು ಆ ತಿಂಗಳು ಲೇಸರನ್ನೇ ಮುಂದೂಡಬೇಕು. ಕಾಯಲು ಹೇಳುವ ವೈದ್ಯರ ಮೇಲೆ ಸಿಟ್ಟು ಬರುತ್ತದೆ ನಿಜ. ಆದರೆ ನಂಬಬೇಕಾದ್ದು ಅವರನ್ನೇ.

ಬಿಸಿಲಿಗಿಂತ ಗುಟ್ಟಾಗಿ ಚರ್ಮವನ್ನು ಹಾಳುಮಾಡಿಟ್ಟಿರುವುದು ಕ್ರೀಮಿನ ಟ್ಯೂಬುಗಳು. ಬೆಳ್ಳಗಾಗಲೆಂದು, ಬಂಗು ಹೋಗಲೆಂದು, ಮೊಡವೆ ಅಡಗಲೆಂದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಸ್ಟೆರಾಯ್ಡ್ ಕ್ರೀಮುಗಳು ಅವು. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಕೆಂಪು ನರ ಕಾಣಿಸಿ, ಬಿಟ್ಟ ಕೂಡಲೇ ಉರಿಯುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಮನೆಮನೆಯ ಕನ್ನಡಿ ಹಿಂದೆ ಆ ಟ್ಯೂಬು ಇದೆ. ಇಂಥ ಮುಖದ ಮೇಲೆ ಲೇಸರ್ ಬಿದ್ದರೆ ಸುಡುವ ಸಂಭವ ಹೆಚ್ಚು, ಮಾಯುವುದು ನಿಧಾನ. ಬಂಗಿಗೆಂದು ಮಾಡುವ ಲೇಸರ್ ಟೋನಿಂಗ್ ಕೂಡ ಹಾಗೇ. ಕೆಲವರಿಗೆ ತಾತ್ಕಾಲಿಕ ಗುಣ ಕೊಟ್ಟು, ನಿಲ್ಲಿಸಿದ ಮೇಲೆ ಬಂಗು ಮೊದಲಿಗಿಂತ ಗಾಢವಾಗಿ ಮರಳುತ್ತದೆ. ಪದೇ ಪದೇ ಮಾಡಿಸಿದರೆ ಬಂಗಿನ ನಡುವೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳು ಮೂಡುತ್ತವೆ. ಬಂಗಿಗೆ ಬಿಸಿಲು ತಪ್ಪಿಸುವುದು, ಹಚ್ಚುವ ಔಷಧಿ ಮೊದಲ ದಾರಿ, ಲೇಸರ್ ಕೊನೆಯದು. ಯಾವ ಕ್ರೀಮು ಹಚ್ಚುತ್ತಿದ್ದೆ ಎಂದು ವೈದ್ಯರ ಮುಂದೆ ಮುಚ್ಚಿಡಬಾರದು. ಟ್ಯೂಬನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಉತ್ತಮ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಬೇಕು, ಬಸಿರಿದ್ದರೆ ಅದನ್ನೂ. ತುರ್ತಿಲ್ಲದ ಲೇಸರನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳುವುದು ವಾಡಿಕೆ.

ನೋವು ತಿಳಿಯಬಾರದೆಂದು ಹಚ್ಚುವ ಮರಗಟ್ಟಿಸುವ ಕ್ರೀಮಿನದ್ದು ಇನ್ನೊಂದು ಅಪಾಯ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರ ಫೆಬ್ರುವರಿಯಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರ ಸಾವಿನ ಪ್ರಸ್ತಾಪವಿತ್ತು. ಕೂದಲು ತೆಗೆಯುವ ಲೇಸರಿಗೆ ಮೊದಲು ಇಬ್ಬರೂ ಕಾಲಿನ ತುಂಬ ಕ್ರೀಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಅದರೊಳಗಿನ ಲಿಡೊಕೇನ್‌ನಂಥ ಔಷಧಿ ಚರ್ಮದಿಂದ ರಕ್ತಕ್ಕೆ ಇಳಿದು ಫಿಟ್ಸ್ ಬಂದು, ಕೋಮಾಕ್ಕೆ ಜಾರಿ ತೀರಿಕೊಂಡರು. ಅವರನ್ನು ಕೊಂದದ್ದು ಬೆಳಕಲ್ಲ, ಅಳತೆ ಮೀರಿದ ಕ್ರೀಮು. ಮನೆಯಲ್ಲೇ ದಪ್ಪಗೆ ಬಳಿದುಕೊಂಡು ಬನ್ನಿ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಒಪ್ಪಬಾರದು.

ಕಣ್ಣಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. 1064 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ನೇರ ಅಕ್ಷಿಪಟಲದ ಮೇಲೆ ಬೀಳುತ್ತದೆ, ಅಲ್ಲಿ ಸುಟ್ಟರೆ ದೃಷ್ಟಿ ಮರಳದೆಯೇ ಹೋಗಬಹುದು. ಆ ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಬೇಕು. ಬಿಸಿಲು ಕನ್ನಡಕ, ಹತ್ತಿ, ಟವೆಲ್ ಅದಕ್ಕೆ ಬದಲಿಯಾಗುವುದಿಲ್ಲ. ಹುಬ್ಬಿನ ಕೆಳಗೆ, ರೆಪ್ಪೆಯ ಅಂಚಿಗೆ ಕೂದಲು ತೆಗೆಯುವ ಲೇಸರ್ ಹೊಡೆಸಬಾರದು. ಸುಟ್ಟ ಕೂದಲಿನ ಹೊಗೆಯೂ ಒಳ್ಳೆಯದಲ್ಲ. ದಿನವಿಡೀ ಅದೇ ಕೋಣೆಯಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ಹೊಗೆ ಎಳೆಯುವ ಯಂತ್ರ, ಮಾಸ್ಕ್ ಕೊಟ್ಟಿದ್ದಾರೆಯೇ ಎನ್ನುವುದು ಆ ಕ್ಲಿನಿಕ್ಕಿನ ಮನಸ್ಸನ್ನೂ ಹೇಳುತ್ತದೆ.

ಇನ್ನು ಭಯಪಡಬೇಕಿಲ್ಲದ ಮಾತುಗಳು. ಲೇಸರಿನಿಂದ ಕ್ಯಾನ್ಸರ್ ಬರುತ್ತದೆ, ಮಕ್ಕಳಾಗುವುದಿಲ್ಲ ಎಂಬ ಹೆದರಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಕೂದಲು, ಹಚ್ಚೆಗೆ ಬಳಸುವ ಬೆಳಕು ಎಕ್ಸ್-ರೇ ಜಾತಿಯದಲ್ಲ. ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುವಷ್ಟರಲ್ಲಿ ಅದರ ಕಸುವು ಮುಗಿಯುತ್ತದೆ. ಗರ್ಭಕೋಶದವರೆಗೆ ಹೋಗುವ ಮಾತೇ ಇಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಏನೆಂದು ಪರೀಕ್ಷಿಸದೆ ಕಪ್ಪು ಮಚ್ಚೆಯನ್ನು ಸುಟ್ಟುಹಾಕಿದರೆ, ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿದ್ದಲ್ಲಿ, ಗುರುತು ಅಳಿಸಿಹೋಗಿ ರೋಗ ಒಳಗೇ ಬೆಳೆಯುತ್ತದೆ. ಮಾಸಲು ಬಿಳಿ ಕಲೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠದ ಮೊದಲ ಗುರುತಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಮದ್ದು ಪುಕ್ಕಟೆ, ಪೂರ್ತಿ ಗುಣವೂ ಆಗುತ್ತದೆ. ಇಂಥದ್ದನ್ನು ಗುರುತಿಸಲು ಬೇಕಾದದ್ದು ಯಂತ್ರವಲ್ಲ, ಚರ್ಮರೋಗ ಓದಿದ ಕಣ್ಣು.

ಯಂತ್ರ ಹಿಡಿದ ಕೈ ಯಾರದು ಎಂಬ ಪ್ರಶ್ನೆಗೆ ಅಮೆರಿಕದ ಕೋರ್ಟು ದಾಖಲೆಗಳಲ್ಲಿ ಒಂದು ಉತ್ತರ ಸಿಗುತ್ತದೆ. ಲೇಸರ್ ಗಾಯದ ಮೊಕದ್ದಮೆಗಳನ್ನು ಅಲ್ಲಿನ ವೈದ್ಯರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಯಂತ್ರ ನಡೆಸಿದವರು ವೈದ್ಯರಲ್ಲದ ಪ್ರಕರಣಗಳ ಪಾಲು 2008ರಲ್ಲಿ ಸುಮಾರು ಶೇಕಡ 36 ಇದ್ದದ್ದು 2011ಕ್ಕೆ ಸುಮಾರು ಶೇಕಡ 78ಕ್ಕೆ ಏರಿತ್ತು. ಅತಿ ಹೆಚ್ಚು ಮೊಕದ್ದಮೆ ಕೂದಲು ತೆಗೆಯುವ ಲೇಸರಿನವು. ಸುಲಭ ಎಂದು ಎಲ್ಲರೂ ತಿಳಿದ ಕೆಲಸದಲ್ಲೇ ಹೆಚ್ಚು ಜನ ಸುಟ್ಟುಕೊಂಡಿದ್ದರು.

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನರ ಬಾಯಲ್ಲಿ ಕೆಪಿಎಂಇ, ಪ್ರತಿ ಖಾಸಗಿ ಕ್ಲಿನಿಕ್ಕಿಗೂ ನೋಂದಣಿ ಕಡ್ಡಾಯ ಮಾಡಿದೆ. ನೋಂದಣಿ ಪತ್ರ ಜನರಿಗೆ ಕಾಣುವ ಜಾಗದಲ್ಲಿರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿಯನ್ನೂ ದೂರುಗಳನ್ನೂ ನೋಡುತ್ತದೆ, ಅದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಬ್ಯೂಟಿ ಪಾರ್ಲರ್ ನಡೆಸಲು ಇರುವ ವ್ಯಾಪಾರ ಪರವಾನಗಿ ಬೇರೆ, ಇದು ಬೇರೆ. ವೈದ್ಯರ ಹೆಸರಿನ ಮುಂದೆ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ ಎಂಬ ಚರ್ಮರೋಗದ ಪದವಿ ಇದೆಯೇ, ಅವರು ಆ ದಿನ ಅಲ್ಲಿ ಇರುತ್ತಾರೆಯೇ ಅಥವಾ ಬರೀ ಬೋರ್ಡಿನ ಮೇಲಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಳಂದದಿಂದ ಸೊಲ್ಲಾಪುರ, ಹೈದರಾಬಾದಿಗೆ ಬಸ್ ಹತ್ತುವ ಮುನ್ನ ಕಲಬುರಗಿಯಲ್ಲೇ ಇರುವ ಸರ್ಕಾರಿ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿ, ಲೇಸರ್ ಬೇಕೇ ಬೇಡವೇ ಎಂದು ಕೇಳಿ ಬರಬಹುದು. ಎಷ್ಟೋ ಸಲ ಬೇಡ ಎನ್ನುವ ಉತ್ತರವೇ ಸಿಗುತ್ತದೆ.

ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಓದಿ ಹೇಳಿ, ಕನ್ನಡದಲ್ಲಿ ಹೇಳಿ ಎಂದು ಕೇಳುವುದು ರೋಗಿಯ ಹಕ್ಕು. ಯಾವ ಯಂತ್ರ, ಯಾವ ಅಳತೆ, ಯಾವ ದಿನ ಎಂದು ಬರೆದ ಚೀಟಿ, ಹಣದ ರಸೀದಿ, ಮೊದಲಿನ ಫೋಟೊ ಇಟ್ಟುಕೊಳ್ಳಬೇಕು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಆದರೆ ಗ್ರಾಹಕ ಆಯೋಗದ ಮುಂದೆ ನಿಲ್ಲಲು ಕೈಯಲ್ಲಿ ಕಾಗದ ಬೇಕು.

ಸುಟ್ಟೇಬಿಟ್ಟರೆ? ತಕ್ಷಣ ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಬೇಕು, ಮುಖವಾದರೆ ಒದ್ದೆ ಬಟ್ಟೆ ಬದಲಿಸುತ್ತಿರಬೇಕು. ಐಸ್ ನೇರ ಒತ್ತಬಾರದು. ಟೂತ್‌ಪೇಸ್ಟ್, ಅರಿಸಿನ, ಸುಣ್ಣ, ಶಾಯಿ ಯಾವುದೂ ಬೇಡ. ಗುಳ್ಳೆ ಒಡೆಯಬಾರದು, ಹಕ್ಕಳೆ ಕೀಳಬಾರದು. ಅದೇ ದಿನ ಚರ್ಮದ ವೈದ್ಯರಿಗೆ ತೋರಿಸಬೇಕು, ಮಾಯುವವರೆಗೂ ಬಿಸಿಲಿಗೆ ಒಡ್ಡಬಾರದು. ಮೊದಲ ವಾರದಲ್ಲಿ ಸರಿಯಾಗಿ ನೋಡಿಕೊಂಡ ಗಾಯ ಎಷ್ಟೋ ಸಲ ಕಲೆಯಿಲ್ಲದೆ ಮಾಯುತ್ತದೆ.

ಇದೇ ಬೆಳಕು ಬಲ್ಲವರ ಕೈಯಲ್ಲಿ ಮಾಡುವ ಉಪಕಾರ ದೊಡ್ಡದು. ಹುಟ್ಟುತ್ತಲೇ ಮುಖದ ಅರ್ಧ ಕೆಂಪಾಗಿರುವ ಮಕ್ಕಳ ಆ ಕಲೆಯನ್ನು ಪಲ್ಸ್ಡ್ ಡೈ ಲೇಸರ್ ತಿಳಿಯಾಗಿಸುತ್ತದೆ. 308 ನ್ಯಾನೊಮೀಟರಿನ ಎಕ್ಸೈಮರ್ ಲೇಸರ್ ತೊನ್ನಿನ ಕಲೆಗಳಿಗೆ ಬಣ್ಣ ಮರಳಿಸಲು ನೆರವಾಗುತ್ತದೆ. ಸೀಮೆಎಣ್ಣೆ ಸ್ಟೋವ್ ಸಿಡಿದು ಸುಟ್ಟವರ ಬಿಗಿದ ಗಾಯದ ಗುರುತು ಮೆದುವಾಗಲು ಬಾರಾಮತಿಯ ಪಟೇಲರ ಲೇಸರ್ ಬಳಕೆಯಲ್ಲಿದೆ.

ಮುಂದಿನ ಮೇ ತಿಂಗಳಲ್ಲಿ ಲಗ್ನ ಇಟ್ಟುಕೊಂಡವರ ಲೆಕ್ಕ ಹೀಗೆ. ಮಳೆಗಾಲದ ಮೋಡವಿರುವಾಗಲೇ, ಆಗಸ್ಟ್‌ನಲ್ಲಿ, ವೈದ್ಯರಿಗೆ ತೋರಿಸಿ ಹಾರ್ಮೋನಿನ ಪರೀಕ್ಷೆ ಮುಗಿಸುವುದು. ದವಡೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ರೂಪಾಯಿ ನಾಣ್ಯದಗಲ ಒಂದೆರಡು ಪೆಟ್ಟು ಹೊಡೆಸಿ ಹದಿನೈದು ದಿನ ಕಾಯುವುದು. ಅಲ್ಲಿ ಕಪ್ಪಾಗಲಿ ಬಿಳುಪಾಗಲಿ ಮೂಡದಿದ್ದರೆ ಗಣೇಶ ಚೌತಿಯ ಹೊತ್ತಿಗೆ ಮೊದಲ ಸಿಟಿಂಗ್. ಆರು ವಾರಕ್ಕೊಂದರಂತೆ ಆರನೆಯದು ಮುಗಿಯುವಾಗ ಏಪ್ರಿಲ್ ಮೊದಲ ವಾರದ ಆಸುಪಾಸು. ಅರಿಸಿನ ಹಚ್ಚುವ ದಿನಕ್ಕೆ ಇನ್ನೂ ಒಂದು ತಿಂಗಳು ಉಳಿದಿರುತ್ತದೆ.